ಹುಲ್ಲುಹಾಸಿನ ಸಿಳ್ಳಾರಗಳು: ಸ್ವೀಡನ್

ಮಳೆ ನಿಂತ ಮೇಲೆ ಹುಲ್ಲುಹಾಸನ್ನು ಗಮನಿಸಿ. ನಾಲ್ಕು ಹೆಜ್ಜೆ ಓಡಿ, ಥಟ್ಟನೆ ನಿಂತು, ತಲೆ ಓರೆಮಾಡಿ ನೆಲ ನೋಡುವ ಹಕ್ಕಿ ಬಹುತೇಕ ಸಿಳ್ಳಾರದ ಕುಟುಂಬದ್ದು; ಎರೆಹುಳು ಹುಡುಕುತ್ತಿದೆ. ಸ್ಟಾರ್ಲಿಂಗ್ ಹಾಗೆ ನಿಲ್ಲದು, ನಡೆಯುತ್ತಲೇ ಕೊಕ್ಕಿನಿಂದ ಮಣ್ಣು ಕೆದಕುತ್ತದೆ.

ಕಪ್ಪು ಮೈ, ಹಳದಿ ಕೊಕ್ಕಿನದು ಗಂಡು ಬ್ಲ್ಯಾಕ್‌ಬರ್ಡ್. 1962ರಲ್ಲಿ ಪತ್ರಿಕೆಯೊಂದರ ಓದುಗರು ಇದನ್ನು ಸ್ವೀಡನ್ನಿನ ರಾಷ್ಟ್ರಪಕ್ಷಿಯಾಗಿ ಆರಿಸಿದರು. ಹೆಣ್ಣು ಕಂದು ಬಣ್ಣದ್ದು; ಹೊಸಬರು ಅದನ್ನು ಬೇರೆ ಹಕ್ಕಿಯೆಂದೇ ತಿಳಿಯುವುದುಂಟು.

ಬೂದು ತಲೆ, ಕಂದು ಬೆನ್ನಿನ ಫೀಲ್ಡ್‌ಫೇರ್ ನಿಜಕ್ಕೂ ಅಚ್ಚರಿಯ ಹಕ್ಕಿ. ಬರ್ಚ್ ಮರಗಳಲ್ಲಿ ಹಲವು ಜೋಡಿಗಳು ಒಟ್ಟಾಗಿ ಗೂಡು ಕಟ್ಟುತ್ತವೆ. ಕಾಗೆಯೋ ಗಿಡುಗವೋ ಬಂದರೆ ಎಲ್ಲವೂ ಸೇರಿ ಎರಗಿ, ಗುರಿಯಿಟ್ಟು ಅದರ ಮೇಲೆ ಹಿಕ್ಕೆ ಹಾಕುತ್ತವೆ. ಗರಿಗಳು ಅಂಟಿಕೊಂಡ ವೈರಿ ಹಾರಲಾರದೆ ಸಾಯುವುದೂ ಉಂಟು. ಮೇ, ಜೂನ್‌ನಲ್ಲಿ ಗೂಡುಗಳಿಂದ ದೂರವಿರಿ.

ಬಿಳಿ ಹುಬ್ಬು, ಕೆಂಪು ಪಕ್ಕೆಯ ಪುಟ್ಟ ಹಕ್ಕಿ ರೆಡ್‌ವಿಂಗ್. ಇದು ಚಳಿಗೆ ಮುನ್ನ ದಕ್ಷಿಣಕ್ಕೆ ವಲಸೆ ಹೋಗುತ್ತದೆ, ಹೆಚ್ಚಾಗಿ ರಾತ್ರಿಯಲ್ಲಿ. ರೋವನ್ ಮರದ ಕೆಂಪು ಹಣ್ಣು ಸಮೃದ್ಧವಾದ ವರ್ಷ ಫೀಲ್ಡ್‌ಫೇರ್ ಹಿಂಡುಗಳು ಹಿಮದ ನಡುವೆಯೂ ಇಲ್ಲೇ ಉಳಿಯುತ್ತವೆ.