ಒಡ್ಡು ಕಟ್ಟಿದ್ದು ಗದ್ದೆಗೆ, ಬಂದದ್ದು ಹಕ್ಕಿ

ಮುಳಬಾಗಿಲು ತಾಲ್ಲೂಕಿನ ತಾಯಲೂರಿನ ಕಡೆ ಕೆರೆ ಏರಿಯ ಮೇಲೆ ನಿಂತು ಕೊಕ್ಕರೆ ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಆದರೆ ದೋಣಿ ಹತ್ತಿ, ಹುಟ್ಟು ಹಾಕುವವನ ವಿವರಣೆ ಕೇಳುತ್ತ ಹಕ್ಕಿ ನೋಡುವ ರೂಢಿಗೆ ಕರ್ನಾಟಕದಲ್ಲಿ ಹೆಸರಾದದ್ದು ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟು.

ಅಲ್ಲಿನ ತಿಟ್ಟುಗಳನ್ನು ಕಾವೇರಿಯೊಂದೇ ರೂಪಿಸಿದ್ದಲ್ಲ. 1645–48ರ ಸುಮಾರಿಗೆ ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಹೊಳೆಗೆ ಒಡ್ಡು ಬಿತ್ತು. ಒಡ್ಡಿನ ಹಿಂದೆ ನೀರು ನಿಂತು ನಡುಗಡ್ಡೆಗಳಾದವು. ಸುತ್ತ ನೀರು, ನೀರಲ್ಲಿ ಮೊಸಳೆ; ಮರದ ಮೇಲಿನ ಗೂಡಿನ ತಂಟೆಗೆ ನೆಲದ ಬೇಟೆಗಾರ ಪ್ರಾಣಿಗಳು ಬರುವುದು ಕಷ್ಟ. ಆಚೆಯ ಗದ್ದೆ, ಕಾಲುವೆಗಳಲ್ಲಿ ಮೀನು, ಕಪ್ಪೆ, ಬಸವನಹುಳುಗಳಿಗೆ ಬರವಿಲ್ಲ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚದಂಥ ಕೊಕ್ಕಿನ ಹಕ್ಕಿ, ನೀರುಕಾಗೆ ಎಲ್ಲಕ್ಕೂ ಅದು ಬಾಣಂತಿಮನೆಯಾಯಿತು.

ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿ ಇದನ್ನು ಕಂಡು, ಕಾಪಾಡಬೇಕೆಂದು ಅರಮನೆಯ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ವಿಸ್ತಾರ ಒಂದು ಚದರ ಕಿಲೋಮೀಟರಿಗಿಂತ ಕಡಿಮೆ.

ಗೂಡುಗಳಿರುವುದು ನಡುಹೊಳೆಯಲ್ಲಿ, ಹತ್ತಿರದಿಂದ ನೋಡಬೇಕೆಂದರೆ ದೋಣಿಯೇ ಗತಿ. ಹುಟ್ಟಿನ ದೋಣಿಗೆ ಎಂಜಿನ್ನಿನ ಗದ್ದಲವಿಲ್ಲ. ಬಂಡೆಯೆಂದು ಕಂಡದ್ದು ಬಿಸಿಲು ಕಾಯಿಸುತ್ತಿರುವ ಮೊಸಳೆಯೆಂದು ತೋರಿಸುವುದೂ, ಗೂಡಿನಿಂದ ಎಷ್ಟು ದೂರದಲ್ಲಿ ದೋಣಿ ನಿಲ್ಲಿಸಬೇಕೆಂದು ಅಳೆಯುವುದೂ ಹುಟ್ಟು ಹಾಕುವವನ ಕೆಲಸವೇ.

ಮೇಲ್ಗಡೆಯ ಕನ್ನಂಬಾಡಿ ಕಟ್ಟೆಯಿಂದ ಮುಂಗಾರಿನಲ್ಲಿ ಹೆಚ್ಚು ನೀರು ಬಿಟ್ಟರೆ ದೋಣಿ ವಿಹಾರ ನಿಲ್ಲುತ್ತದೆ, ತಗ್ಗಿನ ತಿಟ್ಟುಗಳು ಮುಳುಗುತ್ತವೆ. ಒಂದು ಒಡ್ಡು ಕೊಟ್ಟ ನೆಲೆಯನ್ನು ಇನ್ನೊಂದು ಕಟ್ಟೆ ಆಗಾಗ ಅಲುಗಿಸುತ್ತದೆ.

2022ರಲ್ಲಿ ರಂಗನತಿಟ್ಟು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿ, ರಾಜ್ಯದ ಮೊದಲ ರಾಮ್ಸಾರ್ ತಾಣವಾಯಿತು. 2024ರಲ್ಲಿ ಆ ಪಟ್ಟಿ ಕರಾವಳಿಗೂ ಇಳಿದು ಉತ್ತರ ಕನ್ನಡದ ಅಘನಾಶಿನಿ ಅಳಿವೆಯನ್ನು ಸೇರಿಸಿಕೊಂಡಿತು. ಇಲ್ಲೂ ಒಡ್ಡಿನ ಕೈವಾಡವಿದೆ. ಉಪ್ಪುನೀರು ತಡೆಯುವ ಏರಿ ಕಟ್ಟಿ ರೈತರು ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆದರು. ಕೊಯ್ಲಾದ ಮೇಲೆ ಅಲ್ಲೇ ಸಿಗಡಿ, ಮೀನು. ಕಾಂಡ್ಲಾ ಗಿಡಗಳ ಬೇರಿನ ನಡುವೆ ಮರಿಮೀನುಗಳಿಗೆ ಆಸರೆ.

ಹೊಳೆಯ ದೋಣಿ ಗಡಿಯಾರ ನೋಡಿ ಹೊರಟರೂ ನಡೆದೀತು. ಅಳಿವೆಯಲ್ಲಿ ಆ ಲೆಕ್ಕ ಸಾಗದು. ಇಳಿತದಲ್ಲಿ ಕೆಸರುನೆಲ ಬಯಲಾದಾಗಲೇ ಹಕ್ಕಿಗಳು ಮೇಯಲು ಇಳಿಯುತ್ತವೆ, ಬಳಚು ಎಂಬ ಚಿಪ್ಪುಜೀವಿಯನ್ನು ಆಯುವವರು ಇಳಿಯುವುದೂ ಅದೇ ಹೊತ್ತಿಗೆ. ಹಾಗಾಗಿ ಅಲ್ಲಿ ಹಕ್ಕಿ ತೋರಿಸಲು ಹೊರಡುವ ದೋಣಿಯವನು ಮೊದಲು ನೋಡಬೇಕಾದದ್ದು ಅಂದಿನ ಭರತ–ಇಳಿತದ ಹೊತ್ತನ್ನು.