ಛಾಯೆಯ ಬೆನ್ನು ಹಿಡಿದು

ಬಚ್ಚಲುಮನೆಯ ತಂತಿಗೆ ಬಟ್ಟೆಯ ಕ್ಲಿಪ್ಪು ಹಾಕಿ ಇಳಿಬಿಟ್ಟಿದ್ದ ಮೊದಲ ರೋಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. 36 ಚೌಕಗಳಲ್ಲಿ 11 ಚೌಕಗಳು ಏನೊಂದೂ ಇಲ್ಲದೆ ತಿಳಿಯಾಗಿದ್ದವು. ಲೆನ್ಸಿನ ಮುಚ್ಚಳ ತೆಗೆಯದೆಯೇ ನಾನು ಅಷ್ಟು ಸಲ ಗುಂಡಿ ಒತ್ತಿದ್ದೆ. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ನೋಡುವುದು ಲೆನ್ಸಿನ ಮೂಲಕವಲ್ಲ, ಅದರ ಮೇಲಿರುವ ಬೇರೆ ಕಿಂಡಿಯಿಂದ. ಹಾಗಾಗಿ ಮುಚ್ಚಳ ಹಾಕಿದ್ದರೂ ಎದುರಿನದೆಲ್ಲ ನಿಚ್ಚಳವಾಗಿ ಕಾಣುತ್ತಿರುತ್ತದೆ. ಆ ಖಾಲಿ ಚೌಕಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಾಗಲೇ, ಇಷ್ಟು ದಿನ ಓದಿ ತಿಳಿದಿದ್ದ ಸಂಗತಿ ಕಣ್ಣಿಗೆ ಬಿದ್ದದ್ದು. ಬೆಳಕು ತಾಗದ ಕಡೆ ಫಿಲ್ಮು ತಿಳಿಯಾಗಿದೆ, ಬೆಳಕು ತಾಗಿದ ಕಡೆ ಕಪ್ಪಾಗಿದೆ. ಈ ಕಲೆಯನ್ನು ಇಂಗ್ಲಿಷಿನವರು ‘ಬೆಳಕಿನ ಬರಹ’ ಎಂಬ ಅರ್ಥದಲ್ಲಿ ಫೋಟೋಗ್ರಫಿ ಎಂದರು. ನಾವು ಛಾಯಾಚಿತ್ರ ಎಂದೆವು, ನೆರಳಿನ ಚಿತ್ರ. ಒಂದೇ ವಸ್ತುವಿಗೆ ಎದುರುಬದುರಾದ ಎರಡು ಹೆಸರು ಹೇಗೆ ಬಂದವು?

ಅಮರಕೋಶ ತೆರೆದರೆ ‘ಛಾಯಾ’ ಎಂಬುದಕ್ಕೆ ನಾಲ್ಕು ಅರ್ಥ ಸಿಗುತ್ತದೆ: ಸೂರ್ಯನ ಪ್ರಿಯೆ, ಕಾಂತಿ, ಪ್ರತಿಬಿಂಬ, ಬಿಸಿಲಿಲ್ಲದ ಸ್ಥಿತಿ. ನಮಗೆ ಶಾಲೆಯಲ್ಲಿ ಹೇಳಿಕೊಟ್ಟದ್ದು ಕೊನೆಯದೊಂದನ್ನೇ. ಹೊಳಪು ಮತ್ತು ಬಿಸಿಲಿನ ಅಭಾವ ಒಂದೇ ಪದದ ಹೊಟ್ಟೆಯಲ್ಲಿ ಇಷ್ಟು ಕಾಲ ಜಗಳವಿಲ್ಲದೆ ಇದ್ದುಕೊಂಡಿವೆ. ಕನ್ನಡದ ಬಳಕೆಯನ್ನು ಗಮನಿಸಿ ನೋಡಿ. ಮುಖದ ಮೇಲೆ ಆತಂಕದ ಛಾಯೆ ಎನ್ನುತ್ತೇವೆ, ಸೀರೆಯ ಬಣ್ಣ ಹೇಳುವಾಗ ತಿಳಿಹಸಿರಿನ ಛಾಯೆ ಎನ್ನುತ್ತೇವೆ, ಮಗುವನ್ನು ಎತ್ತಿಕೊಂಡು ಇವಳಲ್ಲಿ ಅಜ್ಜಿಯ ಛಾಯೆ ಇದೆ ಎನ್ನುತ್ತೇವೆ. ಇಲ್ಲಿ ಯಾವುದಕ್ಕೂ ‘ನೆರಳು’ ಹಾಕಲು ಬಾರದು. ಹಾಗೆಯೇ ಸುಡುಬಿಸಿಲಿನಲ್ಲಿ ನಡೆದು ದಣಿದವರು ಹೊಂಗೆಯ ಛಾಯೆಯಲ್ಲಿ ಕೂರುವುದಿಲ್ಲ, ಹೊಂಗೆಯ ನೆರಳಲ್ಲಿ ಕೂರುತ್ತಾರೆ. ನೆರಳು ನಮ್ಮದೇ ಮಣ್ಣಿನ ಪದ. ಹಳಗನ್ನಡದ ‘ನೆೞಲ್’, ತಮಿಳಿನ ‘ನಿೞಲ್’ ಅದರ ಒಡಹುಟ್ಟು. ತಂಪಿನ ಕೆಲಸವನ್ನು ಅದು ತನ್ನಲ್ಲೇ ಇಟ್ಟುಕೊಂಡು ಹೋಲಿಕೆಯ ಕೆಲಸವನ್ನು ಛಾಯೆಗೆ ಬಿಟ್ಟುಕೊಟ್ಟಿತು ಎಂದು ನನಗೆ ತೋರುತ್ತದೆ. ಹೊಸ ಕಲೆಗೆ ಹೆಸರಿಡುವ ಹೊತ್ತು ಬಂದಾಗ ‘ನೆರಳಚಿತ್ರ’ ನೆಲೆಯೂರದೆ ‘ಛಾಯಾಚಿತ್ರ’ ನಿಂತದ್ದಕ್ಕೂ ಇದೇ ಕಾರಣವಿರಬೇಕು.

ಸೂರ್ಯನ ಪ್ರಿಯೆಯ ಕಥೆ ಪುರಾಣದ್ದು. ಸೂರ್ಯನ ಹೆಂಡತಿ ಸಂಜ್ಞೆ ಗಂಡನ ಪ್ರಖರತೆ ತಾಳಲಾರದೆ, ತನ್ನದೇ ರೂಪದ ಛಾಯೆಯನ್ನು ಮನೆಯಲ್ಲಿ ನಿಲ್ಲಿಸಿ ತೌರಿಗೆ ಹೋಗುತ್ತಾಳೆ. ಸೂರ್ಯನಿಗೆ ಬಹುಕಾಲ ಗುರುತು ಸಿಗುವುದಿಲ್ಲ. ಆ ಛಾಯೆಗೆ ಹುಟ್ಟಿದವನೇ ಶನಿ. ಅದಕ್ಕೇ ಅವನು ಛಾಯಾಪುತ್ರ. ಇಲ್ಲಿ ಛಾಯೆ ನೆಲದ ಮೇಲೆ ಬಿದ್ದ ಕಪ್ಪು ಗುರುತಲ್ಲ. ಒಬ್ಬರು ಇಲ್ಲದಾಗ ಅವರ ಜಾಗದಲ್ಲಿ ನಿಲ್ಲುವ ರೂಪ. ತೀರಿಕೊಂಡವರ ಫೋಟೋಕ್ಕೆ ಹಾರ ಹಾಕಿ ಊದುಬತ್ತಿ ಹಚ್ಚುವ ಮನೆಗಳಲ್ಲಿ ಬೆಳೆದ ನನಗೆ ಈ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಂಸ್ಕೃತ ನಾಟಕ ಓದಿದವರಿಗೆ ಇನ್ನೊಂದು ಛಾಯೆಯ ಪರಿಚಯವಿರುತ್ತದೆ. ಅಲ್ಲಿ ಹೆಣ್ಣುಪಾತ್ರಗಳೂ ಸೇವಕರೂ ಆಡುವ ಪ್ರಾಕೃತದ ಮಾತುಗಳಿಗೆ ಸಂಸ್ಕೃತ ರೂಪವನ್ನು ಜೊತೆಯಲ್ಲೇ ಕೊಟ್ಟಿರುತ್ತಾರೆ. ಅದರ ಹೆಸರೂ ಛಾಯೆಯೇ. ಈಗಿನ ಓದುಗರಲ್ಲಿ ಹೆಚ್ಚಿನವರು ಪ್ರಾಕೃತವನ್ನು ದಾಟಿ ನೇರ ಛಾಯೆಗೇ ಹೋಗುತ್ತಾರೆ.

ಇನ್ನು ಛಾಯಾಗ್ರಹಣದ ‘ಗ್ರಹಣ’. ಸುಂದರಕಾಂಡದಲ್ಲಿ ಕಡಲ ಮೇಲೆ ಹಾರುತ್ತಿದ್ದ ಹನುಮಂತನ ವೇಗ ಇದ್ದಕ್ಕಿದ್ದಂತೆ ಕುಗ್ಗುತ್ತದೆ. ಕೆಳಗೆ ಸಿಂಹಿಕೆ ಎಂಬ ರಾಕ್ಷಸಿ ಅವನ ನೆರಳನ್ನು ಹಿಡಿದಿದ್ದಾಳೆ. ನೆರಳು ಹಿಡಿದರೆ ಸಾಕು, ಅದರ ಒಡೆಯ ಆಕಾಶದಲ್ಲೇ ಸಿಕ್ಕಿಬೀಳುತ್ತಾನೆ. ಇಂಥವರಿಗೆ ಛಾಯಾಗ್ರಾಹಿ ಎಂಬ ಮಾತು ಅಲ್ಲಿಯೇ ಬರುತ್ತದೆ. ಕನ್ನಡ ಸಿನಿಮಾದ ಶೀರ್ಷಿಕೆಯಲ್ಲಿ ‘ಛಾಯಾಗ್ರಹಣ’ ಎಂದು ಕಾಣುವಾಗಲೆಲ್ಲ ನನಗೆ ಆ ಕಡಲು ನೆನಪಾಗುತ್ತದೆ. ಓಡುವ ಮಗುವನ್ನು ಸೆಕೆಂಡಿನ 500ನೇ ಒಂದು ಭಾಗದಲ್ಲಿ ನಿಲ್ಲಿಸುವ ಷಟರು ಮಾಡುವುದೂ ಅದೇ ಕೆಲಸ. ಚಂದ್ರನ ಮೇಲೆ ಭೂಮಿಯ ನೆರಳು ಬಿದ್ದರೆ ಅದೂ ಗ್ರಹಣ. ಕಣ್ಣಿಗೆ ಕಾಣದ ರಾಹು ಕೇತುಗಳು ಛಾಯಾಗ್ರಹಗಳು. ಈ ಎಲ್ಲ ಪದಗಳ ಬೇರು ‘ಹಿಡಿ’ ಎಂಬ ಅರ್ಥದ ಒಂದೇ ಧಾತು. ನಮ್ಮ ಕಡೆಯ ಹಿರಿಯರು ಸ್ಟುಡಿಯೋಗೆ ಹೊರಟರೆ ‘ಪಟ ಹಿಡಿಸ್ಕೊಂಡು ಬರ್ತೀವಿ’ ಅನ್ನುತ್ತಿದ್ದರು. ಪಂಡಿತರ ಗ್ರಹಣವೂ ಅವರ ಹಿಡಿಸುವಿಕೆಯೂ ಬೇರೆಬೇರೆ ದಾರಿಯಿಂದ ಬಂದು ಒಂದೇ ಕಡೆ ಸೇರಿಕೊಂಡಿವೆ.

ಇಂಗ್ಲೆಂಡಿನಲ್ಲಿ ಮೊದಲು ಏನೆಂದು ಕರೆದರು ಎಂದು ಹುಡುಕಿದಾಗ ನನ್ನ ಪ್ರಶ್ನೆಯ ಬುಡವೇ ಅಲುಗಾಡಿತು. 1835ರಲ್ಲಿ ಲಕಾಕ್ ಅಬಿಯ ತನ್ನ ಮನೆಯಲ್ಲಿ ಕಿಟಕಿಯೊಂದರ ಪುಟ್ಟ ಕಾಗದದ ನೆಗೆಟಿವ್ ಮಾಡಿದ ಹೆನ್ರಿ ಫಾಕ್ಸ್ ಟಾಲ್ಬಟ್, ಆರಂಭದಲ್ಲಿ ಈ ಕಲೆಯನ್ನು ಸ್ಕಿಯಾಗ್ರಫಿ ಎಂದು ಕರೆದಿದ್ದ. ಗ್ರೀಕಿನಲ್ಲಿ ‘ಸ್ಕಿಯಾ’ ಎಂದರೆ ನೆರಳು. 1839ರ ಅವನ ಪ್ರಬಂಧದ ಒಂದು ಭಾಗ ನೆರಳನ್ನು ನಿಲ್ಲಿಸುವ ಕಲೆಯ ಕುರಿತೇ ಇದೆ. ಅದೇ ವರ್ಷ ಜಾನ್ ಹರ್ಷೆಲ್ ಫೋಟೋಗ್ರಫಿ ಎಂಬ ಹೆಸರನ್ನು ಮುಂದಿಟ್ಟ. ಮುಂದೆ ನೆಗೆಟಿವ್, ಪಾಸಿಟಿವ್ ಎಂಬ ಹೆಸರುಗಳನ್ನು ಕೊಟ್ಟವನೂ ಅವನೇ. ನಾನು ಫಿಲ್ಮು ತೊಳೆಯಲು ಇಂದಿಗೂ ಬಳಸುವ ಹೈಪೊ ಬೆಳ್ಳಿಯ ಲವಣವನ್ನು ಕರಗಿಸುತ್ತದೆ ಎಂದು 1819ರಲ್ಲೇ ಕಂಡುಕೊಂಡವನೂ ಅವನೇ. ಅವನ ಪದ ಗೆದ್ದಿತು, ನೆರಳಿನ ಪದ ಹಿಂದೆ ಸರಿಯಿತು. 1895ರಲ್ಲಿ ಎಕ್ಸ್‌ರೇ ಬಂದ ಮೇಲೆ ಆ ಚಿತ್ರಗಳನ್ನು ಕೆಲಕಾಲ ಸ್ಕಿಯಾಗ್ರಾಫ್ ಎಂದು ಕರೆದು ಅದನ್ನು ಮತ್ತೆ ಬಳಕೆಗೆ ತಂದರು.

ಈ ಸ್ಕಿಯಾ ಮತ್ತು ನಮ್ಮ ಛಾಯಾ ಒಂದೇ ಬೇರಿನ ಎರಡು ಚಿಗುರು. ಪರ್ಶಿಯನ್ನಿನ ‘ಸಾಯಾ’ ಮೂರನೆಯದು; ಹಿಂದಿ ಹಾಡುಗಳಲ್ಲಿ ನಾವು ಕೇಳುತ್ತ ಬಂದಿರುವುದು ಅದನ್ನೇ. ಅಂದರೆ ಟಾಲ್ಬಟ್ ಮೊದಲಿಗೆ ಬಾಯಲ್ಲಿ ಆಡಿ ಬಿಟ್ಟ ಹೆಸರು, ಅರ್ಥದಲ್ಲೂ ಕುಲದಲ್ಲೂ ನಮ್ಮ ಛಾಯಾಚಿತ್ರದ ನೆಂಟನೇ. ನೆರೆಹೊರೆಯ ಭಾಷೆಗಳು ತಮ್ಮ ತಮ್ಮ ದಾರಿ ಹಿಡಿದವು. ಬಂಗಾಳಿಯಲ್ಲಿ ಫೋಟೋ ಆಲೋಕಚಿತ್ರ, ಬೆಳಕಿನ ಚಿತ್ರ. ಸಿನಿಮಾ ಮಾತ್ರ ಛಾಯಾಛಬಿ. ತಮಿಳಿನಲ್ಲಿ ನಿೞಲಿನ ಪಟವೂ ಉಂಟು, ಹೊಗೆಯ ಪಟ ಎಂಬ ಅರ್ಥದ ‘ಪುಗೈಪ್ಪಡಂ’ ಕೂಡ ಉಂಟು. ಈ ಹೊಗೆಯ ಪಟ ನನಗೆ ಬಹಳ ಇಷ್ಟ. ಡೆವಲಪರಿನಲ್ಲಿ ಅದ್ದಿದ ಕಾಗದದ ಮೇಲೆ ಚಿತ್ರ ಮೂಡುವುದು ನಿಜವಾಗಿಯೂ ಹೊಗೆ ಏಳುವ ಹಾಗೆಯೇ.

ನನ್ನ ಕೈಲಿರುವುದು ಝೋರ್ಕಿ-4, ಸೋವಿಯತ್ ಕಾಲದ ಕ್ಯಾಮೆರಾ. ಬೆಳಕು ಅಳೆಯುವ ಮೀಟರು ಅದರಲ್ಲಿಲ್ಲ, ಬ್ಯಾಟರಿಯೂ ಇಲ್ಲ. ಮುಖದಲ್ಲಿ ಕೆಲವೇ ಸೆಂಟಿಮೀಟರ್ ಅಂತರದ ಎರಡು ಗಾಜಿನ ಕಿಂಡಿಗಳು. ಕಣ್ಣಿಟ್ಟರೆ ನಡುವಿನ ಬಣ್ಣದ ವೃತ್ತದಲ್ಲಿ ಎದುರಿನವರ ಮೂಗು ಎರಡಾಗಿ ಕಾಣುತ್ತದೆ: ಒಂದು ಅಚ್ಚುಕಟ್ಟಾದ ಮೂಗು, ಪಕ್ಕದಲ್ಲಿ ಅದರ ತೆಳು ಛಾಯೆ. ಲೆನ್ಸಿನ ಬಳೆಯನ್ನು ತಿರುಗಿಸುತ್ತ ಹೋದಂತೆ ಛಾಯೆ ಸರಿದು ಬಂದು ಮೂಲದಲ್ಲಿ ಕೂರುತ್ತದೆ. ಆಗ ಫೋಕಸ್ ಸರಿಯಾಯಿತೆಂದು ಲೆಕ್ಕ. ಎರಡು ಕಿಂಡಿಗಳ ನಡುವಿನ ಅಂತರ ತ್ರಿಕೋನದ ಒಂದು ಬಾಹು, ದೂರದ ವಸ್ತು ಅದರ ತುದಿ. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ‘ಛಾಯಾವ್ಯವಹಾರ’ ಎಂಬ ಭಾಗವಿದೆ. 12 ಅಂಗುಲದ ಶಂಕುವಿನ ನೆರಳು ದೀಪದ ಬೆಳಕಿನಲ್ಲಿ 8 ಅಂಗುಲ. ಶಂಕುವನ್ನು ನೆರಳಿನ ತುದಿಯ ದಿಕ್ಕಿಗೆ 2 ಹಸ್ತ ಸರಿಸಿದರೆ ನೆರಳು 12 ಅಂಗುಲ. ಹಾಗಾದರೆ ದೀಪ ಎಷ್ಟು ದೂರ, ಎಷ್ಟು ಎತ್ತರ ಎಂಬುದು ಅಲ್ಲಿನ ಒಂದು ಲೆಕ್ಕ. ಮುಟ್ಟಲಾಗದ ವಸ್ತುವಿನ ದೂರವನ್ನು ಎರಡು ಕಡೆ ನಿಂತು ತಿಳಿಯುವ ಈ ಉಪಾಯವೇ ನನ್ನ ಕ್ಯಾಮೆರಾದ ಹೊಟ್ಟೆಯಲ್ಲೂ ಇದೆ. 1150ರ ಸುಮಾರಿನ ಆ ಗ್ರಂಥದಲ್ಲಿ ಛಾಯೆ ಎಂದರೆ ಅಳತೆ.

ಮೀಟರಿಲ್ಲದ ಕಾರಣ ಬೆಳಕನ್ನು ಕಣ್ಣಂದಾಜಿನಲ್ಲಿ ಕಲಿಯಬೇಕಾಯಿತು. ಬಿಸಿಲಿಗೂ ಮರದ ನೆರಳಿಗೂ ಮೂರು ನಾಲ್ಕು ಸ್ಟಾಪಿನ ಅಂತರ, ಅಂದರೆ ಬೆಳಕಿನಲ್ಲಿ 8ರಿಂದ 16 ಪಟ್ಟು ವ್ಯತ್ಯಾಸ. ಮೊದಲೆರಡು ರೋಲುಗಳಲ್ಲಿ ಜಗಲಿಯ ಒಳಗೆ ಕೂತವರೆಲ್ಲ ಮಾಯವಾಗಿದ್ದರು. ಹಳೆಯ ಸ್ಟುಡಿಯೋದ ಹಿರಿಯರೊಬ್ಬರು ನನ್ನ ನೆಗೆಟಿವ್‌ಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ ಹೇಳಿದರು: ‘ಮೊದ್ಲು ನೆರಳಿಗೆ ಬೆಳಕು ಕೊಡಪ್ಪ. ಬಿಸಿಲಿನ ವಿಷಯ ಆಮೇಲೆ ತೊಳೆಯೋವಾಗ ನೋಡ್ಕೊಂಡ್ರಾಯ್ತು.’ ಬೆಳಕು ಸಾಲದೆ ತಿಳಿಯಾಗಿಯೇ ಉಳಿದ ಜಾಗಕ್ಕೆ ಆಮೇಲೆ ಎಷ್ಟು ಹೊತ್ತು ಡೆವಲಪರ್ ಕೊಟ್ಟರೂ ಏನೂ ಬರುವುದಿಲ್ಲ. ಬಿಸಿಲು ಹೆಚ್ಚಾದ ಕಡೆ ಮಾತ್ರ ತೊಳೆಯುವ ಸಮಯ ತಗ್ಗಿಸಿ ಹಿಡಿತಕ್ಕೆ ತರಬಹುದು. ಈ ಕಸುಬಿನಲ್ಲಿ ಆದರಿಸಬೇಕಾದದ್ದು ನೆರಳನ್ನು.

ಸ್ಕ್ಯಾನ್ ಮಾಡಲು ಕೂತ ಮೇಲೆ ಪದ ಇನ್ನೊಂದು ಸುತ್ತು ತಿರುಗಿತು. ಬಣ್ಣದ ಫಿಲ್ಮಿನ ದೂಳನ್ನು ಕೆಲವು ಸ್ಕ್ಯಾನರುಗಳು ಇನ್‌ಫ್ರಾರೆಡ್ ಕಿರಣ ಹಾಯಿಸಿ ಪತ್ತೆಹಚ್ಚಿ ತಾವೇ ಅಳಿಸುತ್ತವೆ. ಕಪ್ಪು-ಬಿಳುಪಿನ ಫಿಲ್ಮಿನಲ್ಲಿ ಆ ಸೌಲಭ್ಯ ಕೆಲಸ ಮಾಡದು. ಬಣ್ಣದ ಫಿಲ್ಮಿನಲ್ಲಿ ಕೊನೆಗೆ ಉಳಿಯುವುದು ವರ್ಣದ್ರವ್ಯ, ಇನ್‌ಫ್ರಾರೆಡ್ ಅದನ್ನು ಹಾದುಹೋಗುತ್ತದೆ. ಕಪ್ಪು-ಬಿಳುಪಿನಲ್ಲಿ ಉಳಿಯುವುದು ಬೆಳ್ಳಿ, ಆ ಕಿರಣವನ್ನೂ ತಡೆಯುವ ಲೋಹ. ಯಂತ್ರಕ್ಕೆ ದೂಳು ಯಾವುದು, ಚಿತ್ರ ಯಾವುದು ತಿಳಿಯುವುದಿಲ್ಲ. ಹಾಗಾಗಿ ಒಂದೊಂದು ಚುಕ್ಕೆಯನ್ನೂ ಹಿಗ್ಗಿಸಿ ನೋಡಿ ಕೈಯಿಂದಲೇ ತೆಗೆಯುತ್ತ ಕೂರುತ್ತೇನೆ. ಆ ಗಂಟೆಗಳ ಬಗ್ಗೆ ನನಗೆ ಬೇಸರವಿಲ್ಲ, 24×36 ಮಿ.ಮೀ. ಅಳತೆಯ ಒಂದು ಚೌಕದೊಳಗೆ ಅಷ್ಟು ಹೊತ್ತು ಇರುವ ಅವಕಾಶ ಬೇರೆಲ್ಲೂ ಸಿಗದು. ಅಲ್ಲಿರುವುದು ನಿಜವಾದ ಬೆಳ್ಳಿಯ ಕಣಗಳು. ಸ್ಕ್ಯಾನರಿನ ದೀಪ ಹಿಂದಿನಿಂದ ಬೆಳಗಿದಾಗ ಅವು ಸೆನ್ಸರಿನ ಮೇಲೆ ನೆರಳು ಚೆಲ್ಲುತ್ತವೆ. ನಾನು ಪರದೆಯ ಮೇಲೆ ನೋಡುವುದು ಆ ನೆರಳನ್ನು ತಿರುವಿಹಾಕಿದ ರೂಪ, ಪ್ರಾಕೃತದ ಕೆಳಗಿನ ಸಂಸ್ಕೃತದ ಹಾಗೆ. ಮೂಲ ಓದಬಲ್ಲವರು ಆ ಸ್ಟುಡಿಯೋದ ಹಿರಿಯರು. ನೆಗೆಟಿವ್ ನೋಡಿಯೇ ‘ಈ ಹುಡುಗಿ ನಗ್ತಿದಾಳೆ’ ಎನ್ನುತ್ತಿದ್ದರು.

ಮೊದಲ ರೋಲಿನ 23ನೇ ಚೌಕದಲ್ಲಿ ಕಾಂಪೌಂಡಿನ ಮೇಲೆ ಕೂತ ಅಳಿಲೊಂದಿದೆ. ಇಂಗ್ಲಿಷಿನಲ್ಲಿ ಅದಕ್ಕಿರುವ ಹೆಸರು ಗ್ರೀಕಿನ ‘ಸ್ಕಿಯೂರೋಸ್’ನಿಂದ ಬಂದದ್ದು: ಸ್ಕಿಯಾ ಎಂದರೆ ನೆರಳು, ಊರಾ ಎಂದರೆ ಬಾಲ. ಬಾಲವನ್ನು ಬೆನ್ನ ಮೇಲೆ ಮಡಚಿ ಅದರ ನೆರಳಲ್ಲಿ ಕೂರುವ ಪ್ರಾಣಿ ಎಂದು ಯಾರೋ ಕಂಡು ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಅದರ ಬೆನ್ನಿನ ಮೂರು ಬಿಳಿ ಗೆರೆಗಳು ರಾಮ ಬೆರಳಾಡಿಸಿದ ಗುರುತು. ನೆಗೆಟಿವ್‌ನಲ್ಲಿ ಆ ಮೂರೂ ಗೆರೆ ಕಪ್ಪಗಿವೆ, ಬಾಲದಡಿಯ ನೆರಳು ಬೆಳ್ಳಗಿದೆ. ಅದನ್ನು ಇನ್ನೂ ಸ್ಕ್ಯಾನ್ ಮಾಡಿಲ್ಲ.