ದುಡಿಯುವವರ ಊಟದ ಬಿಡುವು: ಕೇರಳದ ಕಾಯಿದೆ ಏನು ಹೇಳುತ್ತದೆ?

ಕೊಚ್ಚಿ ನಗರದ ವೈಟ್ಟಿಲ ಬಸ್ಸು, ಮೆಟ್ರೋ ರೈಲು ಹಾಗೂ ಜಲಮೆಟ್ರೋ ಮೂರೂ ಕೂಡುವ ಸ್ಥಳ. ಇಂತಹ ಜನಸಂದಣಿಯ ವೃತ್ತಗಳ ಸುತ್ತ ಜವಳಿ ಮಳಿಗೆ, ಔಷಧದ ಅಂಗಡಿ, ಉಪಾಹಾರ ಗೃಹಗಳಲ್ಲಿ ದುಡಿಯುವವರು ಅನೇಕರು. ಮಧ್ಯಾಹ್ನ ಕುಳಿತು ಎರಡು ತುತ್ತು ಉಣ್ಣಲು ಇವರಿಗೆ ಸಿಗುವ ಸಮಯ ಮಾಲೀಕರ ದಯೆಯೋ, ಕಾನೂನಿನ ಹಕ್ಕೋ? ಕೇರಳದ ಪಟ್ಟಣಗಳಲ್ಲಿ ಉಡುಪಿ ಹೋಟೆಲು ನಡೆಸುತ್ತ ಬಂದಿರುವ ನಮ್ಮವರಿಗೆ ಈ ಪ್ರಶ್ನೆ ಎರಡು ಬಗೆಯಲ್ಲಿ ಸಂಬಂಧಿಸಿದೆ. ಅವರಲ್ಲಿ ಕೆಲವರು ಗಲ್ಲಾದ ಮೇಲೆ ಕುಳಿತವರು, ಹಲವರು ಅಡುಗೆಮನೆಯಲ್ಲಿ ನಿಂತವರು.

ಹಿನ್ನೆಲೆ

ಬಿಡುವಿನ ಬೇಡಿಕೆ ನಮ್ಮ ದೇಶದಲ್ಲಿ ಹೊಸದಲ್ಲ. 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಸಭೆ ಸೇರಿ ಭಾನುವಾರದ ರಜೆಯನ್ನೂ ಮಧ್ಯಾಹ್ನ ಅರ್ಧ ಗಂಟೆಯ ವಿರಾಮವನ್ನೂ ಕೇಳಿದ್ದರು. ವಾರದ ರಜೆಗೆ ಗಿರಣಿ ಮಾಲೀಕರು ಒಪ್ಪಿದ್ದು 1890ರಲ್ಲಿ. ಸ್ವಾತಂತ್ರ್ಯಾನಂತರ ಬಂದ 1948ರ ಕಾರ್ಖಾನೆ ಕಾಯಿದೆಯು ಐದು ಗಂಟೆಗಳ ದುಡಿಮೆಗೆ ಅರ್ಧ ಗಂಟೆಯ ಬಿಡುವನ್ನು ಕಡ್ಡಾಯಗೊಳಿಸಿತು. ಅಂಗಡಿ, ಹೋಟೆಲುಗಳ ನೌಕರರಿಗಾಗಿ ರಾಜ್ಯಗಳು ಪ್ರತ್ಯೇಕ ಕಾಯಿದೆಗಳನ್ನು ರಚಿಸಿದವು.

1960ರ ಕಾಯಿದೆ

ಕೇರಳದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1960ರದು. ಹೋಟೆಲು, ಉಪಾಹಾರ ಗೃಹಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಅದರ ಪ್ರಕಾರ ದಿನದ ದುಡಿಮೆ ಎಂಟು ಗಂಟೆ, ವಾರಕ್ಕೆ 48 ಗಂಟೆ. ಸತತವಾಗಿ ನಾಲ್ಕು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಅಷ್ಟರೊಳಗೆ ಕನಿಷ್ಠ ಒಂದು ಗಂಟೆಯ ವಿಶ್ರಾಂತಿ ಕೊಡಲೇಬೇಕು. ಕರ್ನಾಟಕವು 1961ರಲ್ಲಿ ರಚಿಸಿದ ಕಾಯಿದೆಯಲ್ಲಿ ಈ ಮಿತಿಯನ್ನು ಐದು ಗಂಟೆ ಎಂದು ಬರೆಯಲಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಕೌಂಟರಿನ ಹಿಂದೆ ನಿಂತವರಿಗೆ ಊಟದ ಬಿಡುವು ಒಂದು ಗಂಟೆಗೆ ದೊರೆಯುವುದೋ ಎರಡಕ್ಕೋ ಎಂಬುದು ಹಸಿದವರಿಗೆ ಚಿಕ್ಕ ವ್ಯತ್ಯಾಸವಲ್ಲ.

ವಾರಕ್ಕೊಂದು ದಿನದ ರಜೆಯೂ ಹಕ್ಕೇ, ಅದಕ್ಕಾಗಿ ಸಂಬಳ ಕಡಿತ ಮಾಡುವಂತಿಲ್ಲ. ಇದಲ್ಲದೆ ವಾರ್ಷಿಕ ರಜೆ, ಕಾಯಿಲೆಯ ರಜೆ ಮತ್ತು ಸಾಂದರ್ಭಿಕ ರಜೆಗಳೂ ಉಂಟು.

ಕುಳಿತುಕೊಳ್ಳುವ ಹಕ್ಕು

ಕಾಯಿದೆ ಇದ್ದರೂ ಜವಳಿ ಅಂಗಡಿಯ ಮಹಿಳೆಯರು ದಿನವಿಡೀ ನಿಂತೇ ಇರಬೇಕಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲೂ ಕುಳಿತರೆ ಗದರಿಕೆ. ಶೌಚಾಲಯದ ಸೌಕರ್ಯವಿಲ್ಲದ ಕಡೆ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿ ಕಾಯಿಲೆ ತಂದುಕೊಳ್ಳುತ್ತಿದ್ದರು. ಕೋಳಿಕ್ಕೋಡಿನ ಮಿಠಾಯಿ ಬೀದಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಎಂಬುವರು ‘ಪೆಣ್‌ಕೂಟ್ಟು’ ಎಂಬ ಮಹಿಳಾ ಸಂಘಟನೆ ಕಟ್ಟಿ ಮೊದಲು ಎತ್ತಿದ ಬೇಡಿಕೆ ಶೌಚಾಲಯದ್ದು. 2014ರ ಕೊನೆಯಲ್ಲಿ ತ್ರಿಶ್ಶೂರಿನ ಸೀರೆ ಅಂಗಡಿಯೊಂದರ ಮಹಿಳೆಯರು ಧರಣಿ ಹೂಡಿದರು. ಮಲಯಾಳದಲ್ಲಿ ಇದು ‘ಇರಿಪ್ಪು ಸಮರ’, ಅಂದರೆ ಕುಳಿತುಕೊಳ್ಳುವುದಕ್ಕಾಗಿ ನಡೆದ ಹೋರಾಟ, ಎಂದು ಹೆಸರಾಯಿತು.

ಇದರ ಫಲವಾಗಿ 2018ರಲ್ಲಿ ಕೇರಳ ಸರಕಾರ 1960ರ ಕಾಯಿದೆಗೆ ತಿದ್ದುಪಡಿ ತಂದು, ನೌಕರರಿಗೆ ಆಸನ ಒದಗಿಸುವುದನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡೂ ಇಂತಹುದೇ ತಿದ್ದುಪಡಿ ಮಾಡಿತು.

ಹಬ್ಬದ ರಜೆ ಮತ್ತು ರಾಜ್ಯೋತ್ಸವ

ಹಬ್ಬದ ರಜೆಗಳಿಗಾಗಿ ಕೇರಳದಲ್ಲಿ 1958ರಿಂದ ಪ್ರತ್ಯೇಕ ಕಾಯಿದೆಯಿದೆ. ಜನವರಿ 26, ಮೇ 1, ಆಗಸ್ಟ್ 15 ಮತ್ತು ಅಕ್ಟೋಬರ್ 2 ಅದರಲ್ಲಿನ ರಾಷ್ಟ್ರೀಯ ರಜೆಗಳು. ಕರ್ನಾಟಕದ 1963ರ ಕಾಯಿದೆಯಡಿ ಇವುಗಳೊಡನೆ ನವೆಂಬರ್ 1 ಕೂಡ ಸೇರಿದೆ. ಕೇರಳ ರಾಜ್ಯವೂ 1956ರ ಅದೇ ದಿನ, ಕಾಸರಗೋಡನ್ನು ಒಳಗೊಂಡು, ಉದಯಿಸಿತು. ಆದರೂ ಅಲ್ಲಿನ ಪಟ್ಟಿಯಲ್ಲಿ ಆ ದಿನವಿಲ್ಲ. ಕೊಚ್ಚಿಯ ಅಂಗಡಿಯಲ್ಲಿ ದುಡಿಯುವ ಕನ್ನಡಿಗರು ರಾಜ್ಯೋತ್ಸವಕ್ಕೆ ಬರಬೇಕಾದರೆ ಸಾಂದರ್ಭಿಕ ರಜೆಯನ್ನೇ ಬಳಸಬೇಕಾಗುತ್ತದೆ. ಸಂಘಗಳು ಕಾರ್ಯಕ್ರಮವನ್ನು ವಾರದ ರಜೆಯ ದಿನಕ್ಕೆ ಹೊಂದಿಸಿಕೊಳ್ಳುವುದು ಇಂತಹವರಿಗೆ ಅನುಕೂಲ.

ನಾವೇನು ಮಾಡಬಹುದು?

ಬಿಡುವು ನಿರಾಕರಿಸಲ್ಪಟ್ಟ ನೌಕರರು ಕಾರ್ಮಿಕ ಇಲಾಖೆಯ ಸ್ಥಳೀಯ ಅಧಿಕಾರಿಗೆ ದೂರು ಕೊಡಬಹುದು. ಆದರೆ ಕೆಲಸ ಹೋದೀತೆಂಬ ಅಂಜಿಕೆಯಿಂದ ಬಹುಮಂದಿ ಅಲ್ಲಿಯವರೆಗೆ ಹೋಗುವುದಿಲ್ಲ. ಆದ್ದರಿಂದ ಹೊಣೆ ಮಾಲೀಕರ ಮೇಲೂ ಗಿರಾಕಿಗಳ ಮೇಲೂ ಇದೆ. ಹೋಟೆಲು ನಡೆಸುವ ನಮ್ಮ ಬಂಧುಗಳು ಮಧ್ಯಾಹ್ನದ ಗದ್ದಲ ತಗ್ಗುವವರೆಗೆ ಎಲ್ಲರನ್ನೂ ಕಾಯಿಸದೆ ಸರದಿಯಂತೆ ಊಟಕ್ಕೆ ಕಳುಹಿಸಿದರೆ ಕಾಯಿದೆಯೂ ಪಾಲನೆಯಾಗುತ್ತದೆ, ಕೆಲಸವೂ ನಿಲ್ಲುವುದಿಲ್ಲ. ಸೀರೆ ಕೊಳ್ಳಲು ಹೋದ ನಾವು, ಊಟಕ್ಕೆಂದು ಎದ್ದ ಹೆಣ್ಣುಮಗಳನ್ನು ಇನ್ನೊಂದು ಕಟ್ಟು ಬಿಚ್ಚಲು ಹೇಳದೆ, ಹತ್ತು ನಿಮಿಷ ಕಾಯಬಹುದು.